ಅರ್ಜಿ ಹಾಕು ಮಗಾ
(ಪದವಿ ಪ್ರದಾನ ದಿನದ ಮಾತು)



ಇಲ್ಲಿ ಬ್ರಿಟನ್ನಿನಲ್ಲಿ ಎನ್‌ಎಚ್‌ಎಸ್ ಕೆಲಸಗಳಿಗೆ ಅರ್ಹತೆಯನ್ನು ಎರಡು ಕಾಲಂಗಳಲ್ಲಿ ಬರೆಯುತ್ತಾರೆ: ‘ಇರಲೇಬೇಕು’, ‘ಇದ್ದರೆ ಒಳ್ಳೆಯದು’. ನರ್ಸ್ ಕೆಲಸಕ್ಕೆ ನೋಂದಣಿ ಮೊದಲನೆಯದರಲ್ಲಿ, ಅದಿಲ್ಲದೆ ಆಗದು. ಎರಡನೆಯದರಲ್ಲಿ ಕೆಲವು ಇಲ್ಲದಿದ್ದರೂ ಅರ್ಜಿ ಹಾಕಬಹುದು. ಆಯ್ಕೆ ಸಮಿತಿಯಲ್ಲಿ ಕೂತು ನೋಡಿದ್ದೇನೆ, ಎರಡೂ ಕಾಲಂ ಪೂರ್ತಿ ತುಂಬಿದವರು ಅಪರೂಪ.

ನಮ್ಮ ಮಕ್ಕಳು ಮಾತ್ರ ಒಂದು ಸಾಲು ಹೊಂದದಿದ್ದರೂ ಹಿಂಜರಿಯುತ್ತಾರೆ. ತೊಂಬತ್ತೆಂಟು ಅಂಕ ಬಂದರೆ ‘ಇನ್ನೆರಡು ಎಲ್ಲಿ ಹೋಯ್ತು?’ ಎಂದು ಕೇಳುವವರು ನಾವು ತಾನೆ!

ಒತ್ತಕ್ಷರ ಪೂರ್ತಿ ಬರುವ ಮೊದಲೇ ಇವರು ಈ ವೇದಿಕೆ ಹತ್ತಿ ಕನ್ನಡ ಮಾತಾಡಿದರು. ಅಂದು ಧೈರ್ಯ ತುಂಬಿದವರು ನೀವೇ. ನಾಳೆ ಅರ್ಜಿಯ ಮುಂದೆ ಕೂತು ಯೋಚಿಸುವಾಗಲೂ ಹೇಳಿ: ‘ಇರಲೇಬೇಕಾದದ್ದು ಇದೆಯಲ್ಲ, ಹಾಕು ಮಗಾ.’

ಮಕ್ಕಳಿಗೆ ಅಭಿನಂದನೆಗಳು.