ನಿವೃತ್ತರ ಗಂಟು ಮತ್ತು ಆದಾಯ ತೆರಿಗೆ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿವೃತ್ತ ಸದಸ್ಯರ ಪರವಾಗಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಶುಭ ಸಂದರ್ಭದಲ್ಲಿ ನಾವು ನಿವೃತ್ತರೂ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಸಂಘದ ಏಳಿಗೆಯ ಬಗ್ಗೆ ಈಗಾಗಲೇ ಹಿರಿಯರು ಹೇಳಿದ್ದಾರೆ. ನಾವು ಸ್ವಲ್ಪ ದುಡ್ಡಿನ ಮಾತು ಆಡುತ್ತೇವೆ.

ನಮ್ಮಲ್ಲೇ ಒಬ್ಬ ಮೇಷ್ಟ್ರು ನಿವೃತ್ತಿಯಾದಾಗ ಬಂದ ಹಣದಲ್ಲಿ ಇಪ್ಪತ್ತು ಲಕ್ಷವನ್ನು ಪಟ್ಟಣದ ಬ್ಯಾಂಕೊಂದರಲ್ಲಿ ಇಟ್ಟರು. ವರ್ಷಕ್ಕೆ ಒಂದೂವರೆ ಲಕ್ಷ ಬಡ್ಡಿ. ಅದರಲ್ಲಿ 15,000 ರೂಪಾಯಿ ತೆರಿಗೆಯೆಂದು ಮುರಿದುಕೊಂಡರು. "ಸರ್ಕಾರದ್ದು ಸರ್ಕಾರಕ್ಕೆ ಹೋಯ್ತು ಬಿಡಿ" ಎಂದು ಇವರು ಸುಮ್ಮನಾದರು. ಹೀಗೆ ಎರಡು ವರ್ಷ ನಡೆಯಿತು. ಪಿಂಚಣಿ, ಬಡ್ಡಿ ಎರಡನ್ನೂ ಕೂಡಿದರೂ ಅವರು ಒಂದು ಪೈಸೆ ತೆರಿಗೆ ಕಟ್ಟಬೇಕಿರಲಿಲ್ಲ! ಒಂದು ವರ್ಷದ ಹಣ ರಿಟರ್ನ್ ಸಲ್ಲಿಸಿದ ಮೇಲೆ ವಾಪಸು ಬಂತು. ಹಿಂದಿನ ವರ್ಷದ್ದಕ್ಕೆ ವಾಯಿದೆ ಮೀರಿತ್ತು, ಅರ್ಜಿ ಹಿಡಿದು ಈಗಲೂ ಅಲೆಯುತ್ತಿದ್ದಾರೆ. "ಮನೆಯವಳ ಕಣ್ಣಿನ ಆಪರೇಷನ್ನಿಗೆ ಆಗ್ತಿತ್ತು" ಎಂದು ಅವರು ಹೇಳಿದಾಗ ನಮಗೆ ನಾಚಿಕೆಯಾಯಿತು. ದಿನಾ ಕಟ್ಟೆಯಲ್ಲಿ ಜೊತೆಗೆ ಕೂರುವ ನಮಗೂ ವಿಷಯ ಗೊತ್ತಿರಲಿಲ್ಲ. ಆಮೇಲೆ ಕೇಳಿ, ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲನೆಯದಾಗಿ, ನಿವೃತ್ತಿಯ ಗಂಟು ಬೇರೆ, ಅದು ತರುವ ಬಡ್ಡಿ ಬೇರೆ. ಸರ್ಕಾರಿ ನೌಕರರ ಗ್ರಾಚ್ಯುಟಿ, ಪಿಂಚಣಿಯ ಕಮ್ಯುಟೇಷನ್ ಹಣ, ನಿವೃತ್ತಿಯ ವೇಳೆ ಸಿಗುವ ರಜೆಯ ಹಣ, ಈ ಮೂರಕ್ಕೂ ತೆರಿಗೆ ಇಲ್ಲ. ಖಾಸಗಿ ನೌಕರರಿಗೆ ಮಿತಿ ಉಂಟು: 2018ರಿಂದ ಗ್ರಾಚ್ಯುಟಿಗೆ 20 ಲಕ್ಷ, 2023ರಿಂದ ರಜೆಯ ಹಣಕ್ಕೆ 25 ಲಕ್ಷ. ಆದರೆ ತಿಂಗಳ ಪಿಂಚಣಿ ಸಂಬಳವಿದ್ದ ಹಾಗೆ, ಅದು ಆದಾಯವೇ. ಠೇವಣಿಯ ಬಡ್ಡಿಯೂ ಆದಾಯವೇ.

ಎರಡನೆಯದಾಗಿ, ತೆರಿಗೆಗೆ ಹಳೆಯದು, ಹೊಸದು ಎಂದು ಎರಡು ಪದ್ಧತಿಗಳಿವೆ. 2025-26ನೇ ಹಣಕಾಸು ವರ್ಷಕ್ಕೆ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳದಂತೆ ರಿಯಾಯಿತಿ ಕೊಟ್ಟರು. ಸೈಟು ಮಾರಿದ ಲಾಭದಂಥವು ಇದಕ್ಕೆ ಸೇರುವುದಿಲ್ಲ. ಪಿಂಚಣಿದಾರರಿಗೆ 75,000 ರೂಪಾಯಿ ಕಡಿತ ಬೇರೆ. ಹಳೆಯ ಪದ್ಧತಿಯಲ್ಲಿ 60 ತುಂಬಿದವರಿಗೆ ಬ್ಯಾಂಕು, ಅಂಚೆ ಬಡ್ಡಿಯಲ್ಲಿ 50,000ದವರೆಗೆ, ಆರೋಗ್ಯ ವಿಮೆಯ ಕಂತಿನಲ್ಲಿ 50,000ದವರೆಗೆ ಕಡಿತವಿದೆ. ಹೊಸದರಲ್ಲಿ ಇವೆರಡೂ ಇಲ್ಲ. ಎರಡೂ ಲೆಕ್ಕ ಹಾಕಿ ನೋಡಿ, ಹಗುರಾದದ್ದನ್ನು ಆರಿಸಿಕೊಳ್ಳಿ.

ಮೂರನೆಯದೇ ಮುಖ್ಯ. 2025ರ ಏಪ್ರಿಲ್ 1ರಿಂದ ಹಿರಿಯರ ಬಡ್ಡಿ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ ಒಂದು ಲಕ್ಷ ದಾಟಿದರೆ ಶೇಕಡಾ 10ರಷ್ಟು ಮುರಿಯಬೇಕೆಂದು ನಿಯಮವಾಯಿತು. ಪ್ಯಾನ್ ಕೊಡದಿದ್ದರೆ ಶೇಕಡಾ 20. ತೆರಿಗೆ ಬೀಳದ ಹಿರಿಯರು ಹಾಗೆಂದು ಒಂದು ಘೋಷಣೆ ಬರೆದುಕೊಟ್ಟರೆ ಮುರಿಯುವುದಿಲ್ಲ. 15ಎಚ್ ಎಂದು ನಾವೆಲ್ಲ ಕೇಳಿದ ಫಾರಂ ಅದೇ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಬ್ಯಾಂಕಿನಲ್ಲಿ ಚಾಲ್ತಿಯ ನಮೂನೆಯನ್ನೇ ಕೇಳಿ ಪಡೆಯಿರಿ. ಇದನ್ನು ಪ್ರತಿ ವರ್ಷವೂ, ಠೇವಣಿ ಇರುವ ಪ್ರತಿ ಬ್ಯಾಂಕಿಗೂ ಕೊಡಬೇಕು. ತೆರಿಗೆ ಬೀಳುವವರು ಮಾತ್ರ ಕೊಡಕೂಡದು, ಸುಳ್ಳು ಘೋಷಣೆ ಅಪರಾಧ. ಆಗಲೇ ಮುರಿದಿದ್ದರೆ ವಾಯಿದೆಯೊಳಗೆ ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು.

ಇನ್ನೊಂದು ಮಾತು. ನಮ್ಮಂಥ ಚಿಕ್ಕ ಸಂಘಗಳು ಸದಸ್ಯರ ಬಡ್ಡಿಯಲ್ಲಿ ತೆರಿಗೆ ಮುರಿಯುವುದಿಲ್ಲ. ಮುರಿಯಲಿಲ್ಲವೆಂದರೆ ತೆರಿಗೆಯೇ ಇಲ್ಲವೆಂದಲ್ಲ, ಆ ಬಡ್ಡಿಯನ್ನೂ ಲೆಕ್ಕದಲ್ಲಿ ತೋರಿಸಬೇಕು.

ಕೊನೆಯದಾಗಿ ಒಂದು ಸೂಚನೆ. ಪ್ರತಿ ಏಪ್ರಿಲ್ ಮೊದಲ ವಾರ ಸಂಜೆ ಹೊತ್ತು ಸಂಘದ ಜಗಲಿಯಲ್ಲಿ ನಾವು ನಾಲ್ಕೈದು ಮಂದಿ ಕೂತಿರುತ್ತೇವೆ. ಪಾಸ್‌ಬುಕ್ಕು, ಪ್ಯಾನ್ ಕಾರ್ಡು ಹಿಡಿದು ಬನ್ನಿ, ಫಾರಂ ತುಂಬಿಕೊಡುತ್ತೇವೆ. ಆಡಳಿತ ಮಂಡಳಿಯವರು ಒಂದು ಬೆಂಚು, ಒಂದು ದೀಪ ಕೊಟ್ಟರೆ ಸಾಕು. ಚಹಾದ ಖರ್ಚು ನಮ್ಮದೇ. ಒಬ್ಬರಿಗೊಬ್ಬರು ಆಗುವುದೇ ಸಹಕಾರ ತಾನೇ?