ಸಂದೇಶ ಯಾರಿಗೆ, ಯಾರ ಮಾತಿನಲ್ಲಿ?



ಚಿತ್ರಮಂದಿರದಲ್ಲಿ ದೀಪಗಳು ಆರಿ ಸಿನಿಮಾ ಆರಂಭವಾಗುವ ಮುನ್ನ ತೆರೆಯ ಮೇಲೆ ತಂಬಾಕಿನ ಎಚ್ಚರಿಕೆ ಬರುತ್ತದೆ. ಆ ಹೊತ್ತಿನಲ್ಲಿ ನೀವು ಏನು ಮಾಡುತ್ತಿರುತ್ತೀರಿ? ಕೆಲವರು ಸೀಟು ಹುಡುಕುತ್ತಿರುತ್ತೀರಿ, ಕೆಲವರು ಪಕ್ಕದವರೊಡನೆ ಮಾತಿನಲ್ಲಿರುತ್ತೀರಿ. ಅಲ್ಲಿ ಹೇಳಿದ್ದು ಸುಳ್ಳೆಂದು ಯಾರೂ ಭಾವಿಸುವುದಿಲ್ಲ. ಆದರೂ "ಇದು ಬೇರೆ ಯಾರಿಗೋ ಹೇಳಿದ ಮಾತು" ಎಂದು ಮನಸ್ಸು ಪಕ್ಕಕ್ಕೆ ಸರಿದುಬಿಡುತ್ತದೆ.

ನಿಜವಾದ ಮಾತು ಕೂಡ ಕೇಳಬೇಕಾದವರಿಗೆ ಏಕೆ ತಲುಪುವುದಿಲ್ಲ? ಈ ಪ್ರಶ್ನೆಯನ್ನು ಇಂದು ಅಮೆರಿಕದ ಒಂದು ಉದಾಹರಣೆಯ ಮೂಲಕ ನೋಡೋಣ. ಅಲ್ಲಿ ಹೆಣ್ಣನ್ನೇ ಪ್ರೀತಿಸುವ ಯುವತಿಯರು ಹಾಗೂ ಗಂಡು ಹೆಣ್ಣು ಇಬ್ಬರ ಕಡೆಗೂ ಒಲವುಳ್ಳ ಯುವತಿಯರು ಇತರ ಯುವತಿಯರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಸಿಗರೇಟು ಸೇದುತ್ತಾರೆಂದು ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಇವರು ಲೈಂಗಿಕ ಅಲ್ಪಸಂಖ್ಯಾತರೆಂದು ಕರೆಯಲಾಗುವ ಸಮುದಾಯಕ್ಕೆ ಸೇರಿದವರು. ಒಬ್ಬರ ಒಲವಿಗೂ ಸಿಗರೇಟಿಗೂ ಹುಟ್ಟಿನಿಂದ ಬಂದ ನಂಟೇನೂ ಇಲ್ಲ. ಆ ನಂಟು ಹೇಗೆ ಬೆಳೆಯಿತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1929ರ ಈಸ್ಟರ್ ಭಾನುವಾರ. ನ್ಯೂಯಾರ್ಕ್ ನಗರದ ಫಿಫ್ತ್ ಅವೆನ್ಯೂ ರಸ್ತೆಯಲ್ಲಿ ಜನ ಹೊಸ ಬಟ್ಟೆ ತೊಟ್ಟು ಮೆರವಣಿಗೆಯಲ್ಲಿ ಸಾಗುತ್ತಿದ್ದರು. ಅವರ ನಡುವೆ ಕೆಲವು ತರುಣಿಯರು ಎಲ್ಲರೆದುರೇ ಸಿಗರೇಟು ಹಚ್ಚಿದರು. ಹೆಂಗಸರು ಬೀದಿಯಲ್ಲಿ ಸಿಗರೇಟು ಸೇದುವುದು ಆಗ ಅಮೆರಿಕದಲ್ಲೂ ನಾಚಿಕೆಗೇಡು ಎನಿಸಿತ್ತು. ಪತ್ರಿಕೆಗಳು ಇದನ್ನು ದೊಡ್ಡ ಸುದ್ದಿ ಮಾಡಿದವು. ಆ ಸಿಗರೇಟುಗಳಿಗೆ "ಸ್ವಾತಂತ್ರ್ಯದ ಪಂಜುಗಳು" ಎಂಬ ಹೆಸರು ಬಂದಿತು. ಇದರ ಹಿಂದೆ ಇದ್ದವರು ಪ್ರಚಾರ ತಜ್ಞ ಎಡ್ವರ್ಡ್ ಬರ್ನೇಸ್. ಅವರಿಗೆ ಹಣ ಕೊಟ್ಟದ್ದು ಅಮೆರಿಕನ್ ಟೊಬ್ಯಾಕೊ ಕಂಪನಿ. 1968ರಲ್ಲಿ ಫಿಲಿಪ್ ಮಾರಿಸ್ ಕಂಪನಿಯು ಹೆಂಗಸರಿಗೆಂದೇ ವರ್ಜೀನಿಯಾ ಸ್ಲಿಮ್ಸ್ ಎಂಬ ತೆಳುವಾದ ಸಿಗರೇಟನ್ನು ಹೊರತಂದು, ಮಹಿಳಾ ಚಳವಳಿಯ ಉತ್ಸಾಹವನ್ನೇ ತನ್ನ ಜಾಹೀರಾತಿಗೆ ಬಳಸಿಕೊಂಡಿತು. ಮುಂದೆ 1987ರ ವೇಳೆಗೆ ಅಮೆರಿಕದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿಗಿಂತ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವವರೇ ಹೆಚ್ಚಾದರು.

ಇದೇ ಜಾಣತನ ಲೈಂಗಿಕ ಅಲ್ಪಸಂಖ್ಯಾತರ ಕಡೆಗೂ ತಿರುಗಿತು. 1990ರ ದಶಕದಲ್ಲಿ ಆರ್. ಜೆ. ರೆನಾಲ್ಡ್ಸ್ ಕಂಪನಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಸಲಿಂಗ ಪ್ರೇಮಿಗಳು ಹೆಚ್ಚಾಗಿ ವಾಸಿಸುವ ಕ್ಯಾಸ್ಟ್ರೊ ಬಡಾವಣೆಯಲ್ಲಿ ಸಿಗರೇಟು ಮಾರಾಟ ಹೆಚ್ಚಿಸಲು ಒಂದು ಯೋಜನೆ ಹಾಕಿತು. ಮನೆಯಿಲ್ಲದೆ ಬೀದಿಯಲ್ಲಿ ಬದುಕುವವರೂ ಆ ಯೋಜನೆಯ ಗುರಿಯಾಗಿದ್ದರು. ಅದಕ್ಕೆ ಕಂಪನಿ ಇಟ್ಟ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ "ಸ್ಕಮ್" ಎಂದಾಗುತ್ತದೆ. ಇಂಗ್ಲಿಷಿನಲ್ಲಿ ಈ ಪದಕ್ಕೆ ನೀರಿನ ಮೇಲೆ ತೇಲುವ ಕೊಳೆ ಎಂದರ್ಥ. ಮನುಷ್ಯರಿಗೆ ಹೇಳಿದರೆ ಅದು ಬೈಗುಳ. 1998ರಲ್ಲಿ ದೊಡ್ಡ ತಂಬಾಕು ಕಂಪನಿಗಳಿಗೂ 46 ರಾಜ್ಯಗಳಿಗೂ ಒಪ್ಪಂದವಾಯಿತು. ಕಂಪನಿಗಳ ಒಳಗಿನ ಕಡತಗಳನ್ನು ಸಾರ್ವಜನಿಕರ ಮುಂದಿಡಬೇಕೆಂಬುದು ಅದರ ಒಂದು ಷರತ್ತಾಗಿತ್ತು. ಹೀಗೆ ಬಯಲಿಗೆ ಬಂದ ಕಾಗದಗಳಲ್ಲಿ ಈ ಯೋಜನೆಯ ಕಾಗದಗಳೂ ಇದ್ದವು.

ಇನ್ನು ಇಪ್ಪತ್ತು ವರ್ಷದ ಒಬ್ಬ ಅಮೆರಿಕನ್ ಯುವತಿಯನ್ನು ಕಲ್ಪಿಸಿಕೊಳ್ಳಿ. ಸಣ್ಣ ಊರಿನವಳು. ತಾನು ಪ್ರೀತಿಸುವುದು ಹೆಣ್ಣನ್ನು ಎಂದು ಅವಳಿಗೆ ತಿಳಿದಿದೆ, ಮನೆಯವರಿಗೆ ತಿಳಿದಿಲ್ಲ. ತಿಳಿದರೆ ಏನಾದೀತೋ ಎಂಬ ದಿಗಿಲು ದಿನವೂ ಇದೆ. ಸದಾ ಹೊರಗಿನವರಂತೆ ಬದುಕುವುದರಿಂದ ಉಂಟಾಗುವ ಇಂಥ ಒತ್ತಡವನ್ನು ಮನೋವಿಜ್ಞಾನಿಗಳು "ಅಲ್ಪಸಂಖ್ಯಾತ ಒತ್ತಡ" ಎಂದು ಕರೆಯುತ್ತಾರೆ. ಓದಲೆಂದು ನಗರಕ್ಕೆ ಬಂದ ಮೇಲೆ ತನ್ನಂಥವರು ಒಂದೆಡೆ ಸೇರುತ್ತಾರೆಂದು ಅವಳಿಗೆ ತಿಳಿಯುತ್ತದೆ. ಆ ಜಾಗ ಬಹುಮಟ್ಟಿಗೆ ಒಂದು ಬಾರ್. ಬೇರೆಡೆ ಧೈರ್ಯವಾಗಿ ಸೇರಲು ಆಗದಿದ್ದ ಕಾಲದಿಂದಲೂ ಹಾಗೆಯೇ ನಡೆದು ಬಂದಿದೆ. 1969ರಲ್ಲಿ ಅವರ ಹಕ್ಕಿನ ಹೋರಾಟ ಸಿಡಿದೆದ್ದ ಸ್ಟೋನ್‌ವಾಲ್ ಇನ್ ಕೂಡ ನ್ಯೂಯಾರ್ಕಿನ ಒಂದು ಬಾರೇ. ಅವಳು ಅಲ್ಲಿಗೆ ಹೋಗುತ್ತಾಳೆ. ಯಾರೋ ಒಂದು ಸಿಗರೇಟು ಚಾಚುತ್ತಾರೆ. ಅದನ್ನು ತೆಗೆದುಕೊಂಡರೆ ಗುಂಪಿನಲ್ಲಿ ಒಬ್ಬಳಾದಂತೆ. ಬದುಕಿನಲ್ಲಿ ಮೊದಲ ಬಾರಿಗೆ ಒಂದು ಗುಂಪು ಸಿಕ್ಕಿರುವವಳು ಅದನ್ನು ಬೇಡವೆನ್ನುವುದು ಸುಲಭವೇ?

ಈಗ ಅವಳ ಕೈಗೆ ನಮ್ಮ ಸಾಮಾನ್ಯ ಕರಪತ್ರವನ್ನು ಕೊಟ್ಟು ನೋಡೋಣ. ಅದರಲ್ಲಿ ಗಂಡ, ಹೆಂಡತಿ, ತೊಟ್ಟಿಲಲ್ಲಿ ಮಗು. "ಹುಟ್ಟುವ ಮಗುವಿಗಾಗಿ ಸಿಗರೇಟು ಬಿಡಿ" ಎಂಬ ಬರಹ. ವೈದ್ಯಕೀಯವಾಗಿ ಮಾತು ಸರಿ. ಆದರೆ ಆ ಚಿತ್ರದಲ್ಲಿ ಅವಳಿಗೆ ಜಾಗವಿಲ್ಲ. ತನ್ನನ್ನು ಒಪ್ಪದ ಲೋಕವೇ ಮತ್ತೊಂದು ಉಪದೇಶ ಮಾಡುತ್ತಿದೆ ಎಂದು ಅವಳಿಗೆ ಅನ್ನಿಸಬಹುದು. ಸಿಗರೇಟು ಕಂಪನಿಯಾದರೋ ಅವಳಿರುವಲ್ಲಿಗೇ ಬಂದು, ಅವಳ ಬಾಯಾರೆ ಹೊಗಳಿ, ಅವಳನ್ನು ತನ್ನವಳೆಂದು ಕರೆದಿದೆ.

ಹಾಗಾದರೆ ಸಂದೇಶ ಹೇಗಿರಬೇಕು? ಆರೋಗ್ಯ ಪ್ರಚಾರದ ವಿದ್ವಾಂಸರಾದ ಕೆನ್ ರೆಸ್ನಿಕೋ ಮತ್ತು ಅವರ ಸಂಗಡಿಗರು 1999ರಲ್ಲಿ ಇದಕ್ಕೆ ಒಂದು ದಾರಿ ತೋರಿಸಿದರು. ಒಂದು ಸಮುದಾಯಕ್ಕೆ ಒಪ್ಪುವಂತೆ ಸಂದೇಶವನ್ನು ಹೊಲಿಯುವಾಗ ಎರಡು ಪದರಗಳನ್ನು ಗಮನಿಸಬೇಕೆಂದರು. ಮೊದಲನೆಯದು ಹೊರಪದರ: ಚಿತ್ರದಲ್ಲಿರುವ ಮುಖಗಳು, ಉಡುಪು, ಭಾಷೆ, ಸ್ಥಳ. ಎರಡನೆಯದು ಒಳಪದರ: ಆ ಜನರ ಇತಿಹಾಸ, ನೋವು, ಅವರು ಬೆಲೆ ಕೊಡುವ ಸಂಗತಿಗಳು. ಹೊರಪದರ ಸರಿಯಿದ್ದರೆ ಸಂದೇಶವನ್ನು ನಿಂತು ನೋಡುತ್ತಾರೆ. ಒಳಪದರವೂ ಸರಿಯಿದ್ದರೆ ಅದು ಮನಸ್ಸಿಗೆ ನಾಟುತ್ತದೆ. ಹಳೆಯ ಕರಪತ್ರಕ್ಕೇ ಕಾಮನಬಿಲ್ಲಿನ ಬಣ್ಣ ಬಳಿದರೆ ಮುಟ್ಟುವುದು ಹೊರಪದರವನ್ನು ಮಾತ್ರ.

ನಮ್ಮ ಯುವತಿಗೆ ಒಳಪದರದ ಮಾತು ಯಾವುದಾಗಬಹುದು? ಒಂದು, ಸ್ವಾತಂತ್ರ್ಯ. "ನೀನು ನೀನಾಗಿಯೇ ಬದುಕಲು ಎಷ್ಟು ಹೋರಾಡಿದ್ದೀಯೆ! ಇನ್ನು ಒಂದು ಕಂಪನಿಗೆ ಅಧೀನಳಾಗಿ ಇರಬೇಕೇ?" ಎನ್ನಬಹುದು. ಎರಡು, ಸತ್ಯ. ಬೆನ್ನ ಹಿಂದೆ "ಸ್ಕಮ್" ಎಂಬ ಹೆಸರಿಟ್ಟವರು ಯಾರೆಂದು ತೋರಿಸಬಹುದು. ಮೂರು, ಒತ್ತಡದ ಬಗ್ಗೆ ತಿಳಿವಳಿಕೆ. ಸೇದಿದ ಕೆಲವೇ ಸೆಕೆಂಡುಗಳಲ್ಲಿ ನಿಕೋಟಿನ್ ಮೆದುಳನ್ನು ಮುಟ್ಟುತ್ತದೆ, ಹಾಯೆನಿಸುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅದರ ಪ್ರಭಾವ ಇಳಿದಾಗ ಚಡಪಡಿಕೆ ಶುರುವಾಗುತ್ತದೆ. ಮುಂದಿನ ಸಿಗರೇಟು ಆ ಚಡಪಡಿಕೆಯನ್ನು ಅಡಗಿಸುತ್ತದೆ. ಮಗುವನ್ನು ಚಿವುಟಿ ತೊಟ್ಟಿಲು ತೂಗಿದಂತೆ! ಸಿಗರೇಟು ಬಿಟ್ಟವರಲ್ಲಿ ಆತಂಕ, ಖಿನ್ನತೆಗಳು ಕಡಿಮೆಯಾಗುತ್ತವೆ ಎಂದು 2014ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ವಿಶ್ಲೇಷಣೆ ತಿಳಿಸಿದೆ. ನಾಲ್ಕು, ಗೆಳೆತನ. ಬಾರಿನಲ್ಲಿ ಗೆಳತಿಯರು ಸಿಗಲು ಹೊಗೆ ಬೇಕಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಇರುವ ಕ್ಯಾಲಿಫೋರ್ನಿಯಾ ರಾಜ್ಯವೇ 1998ರ ಜನವರಿ 1ರಿಂದ ಬಾರುಗಳ ಒಳಗೆ ಧೂಮಪಾನವನ್ನು ನಿಷೇಧಿಸಿತು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರ ಮೇ ತಿಂಗಳಲ್ಲಿ "ದಿಸ್ ಫ್ರೀ ಲೈಫ್" ಎಂಬ ಪ್ರಚಾರಾಂದೋಲನವನ್ನು ಆರಂಭಿಸಿದಾಗ ಈ ಸ್ವಾತಂತ್ರ್ಯದ ಮಾತನ್ನೇ ಹಿಡಿಯಿತು. 18ರಿಂದ 24 ವರ್ಷದ ಲೈಂಗಿಕ ಅಲ್ಪಸಂಖ್ಯಾತರು ಅದರ ಗುರಿ. ಇಂಥ ತರುಣ ತರುಣಿಯರು 20 ಲಕ್ಷಕ್ಕೂ ಹೆಚ್ಚು ಇದ್ದಾರೆ, ಅವರಲ್ಲಿ 8 ಲಕ್ಷಕ್ಕೂ ಹೆಚ್ಚು ಮಂದಿ ಆಗೊಮ್ಮೆ ಈಗೊಮ್ಮೆ ಸೇದುವವರು ಎಂದು ಆ ಸಂಸ್ಥೆ ಅಂದಾಜು ಮಾಡಿತ್ತು. "ನಾನು ದಿನವೂ ಸೇದುವುದಿಲ್ಲವಲ್ಲ" ಎಂದುಕೊಳ್ಳುವವರೇ ನಾಳೆ ದಿನವೂ ಸೇದುವವರಾಗಬಹುದು. ಆದ್ದರಿಂದ ಅವರ ಕಡೆಗೇ ಮಾತು ಹೋಯಿತು. ಆ ಬಳಿಕ ಯುವತಿಯರಿಗೆಂದೇ ಸಂದೇಶಗಳನ್ನು ರೂಪಿಸಿ ಪರೀಕ್ಷಿಸುವ ಸಂಶೋಧನೆಗಳೂ ನಡೆದಿವೆ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಇಂಥ ಸಂದೇಶವನ್ನು ಆ ಯುವತಿಯರನ್ನು ಕೇಳಿಯೇ, ಅವರೊಡನೆ ಕುಳಿತೇ ಬರೆಯಬೇಕು. ಇಲ್ಲದಿದ್ದರೆ "ಇವರೆಲ್ಲ ಹೀಗೆಯೇ" ಎಂದು ಇಡೀ ಸಮುದಾಯಕ್ಕೆ ಹಣೆಪಟ್ಟಿ ಕಟ್ಟಿದಂತಾಗುತ್ತದೆ. ಎರಡನೆಯದಾಗಿ, ಮನೆಯಲ್ಲಿ ಇನ್ನೂ ಹೇಳಿಕೊಳ್ಳದವಳ ಗುಟ್ಟು ಒಂದು ಕರಪತ್ರದಿಂದ ಬಯಲಾಗಬಾರದು.

ನಮ್ಮಲ್ಲಿ ಸಲಿಂಗ ಪ್ರೇಮ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪು ನೀಡಿತು. ಹಾಗೆಂದು ಅಮೆರಿಕದ ಭಿತ್ತಿಪತ್ರವನ್ನು ಕನ್ನಡಕ್ಕೆ ತಿರುಗಿಸಿ ಅಂಟಿಸಿದರೆ ಆದೀತೇ? 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕ ಮಹಿಳೆಯರಲ್ಲಿ ಬೀಡಿ ಸಿಗರೇಟು ಸೇದುವವರು ಶೇಕಡ 2; ಹೊಗೆಯಿಲ್ಲದ ತಂಬಾಕನ್ನು ಬಳಸುವವರು ಶೇಕಡ 12.8. ಕಡ್ಡಿಪುಡಿ, ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು ಇವೆಲ್ಲ ಇದರಲ್ಲಿ ಸೇರುತ್ತವೆ. ನಮ್ಮ ಸಂದೇಶವನ್ನು ನಾವು ನಮ್ಮವರ ನಡುವೆ ಕುಳಿತೇ ಬರೆಯಬೇಕು.

ನಿಮ್ಮ ತರಗತಿಯಲ್ಲಿ, ಹಾಸ್ಟೆಲಿನಲ್ಲಿ, ಯಾವ ಭಿತ್ತಿಪತ್ರದಲ್ಲೂ ತನ್ನ ಮುಖ ಕಾಣದವರು ಒಬ್ಬರಾದರೂ ಇರಬಹುದು. ಅದು ನಿಮ್ಮ ಗೆಳತಿ ಇರಬಹುದು, ನೀವೇ ಇರಬಹುದು. ಅಂಥವರ ಕೈಯಲ್ಲಿ ಸಿಗರೇಟು ಕಂಡಾಗ ಬೈಯುವ ಮೊದಲು ಪಕ್ಕದಲ್ಲಿ ಕುಳಿತು, ಏನು ಕಷ್ಟವೆಂದು ಕೇಳಿ. ಬಿಡಬೇಕೆಂಬ ಮನಸ್ಸಿದ್ದರೆ 1800-11-2356 ಎಂಬ ಉಚಿತ ದೂರವಾಣಿ ಸಂಖ್ಯೆ ಇದೆ. ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯ ಕೇಂದ್ರಗಳಲ್ಲಿ ಒಂದು. ಕರೆ ಮಾಡುವಾಗ ಜೊತೆಗೆ ನೀವೂ ಕುಳಿತಿರಿ.