ಖಾಲಿಯಾದ ಸ್ಥಳಗಳು
(ಶತಮಾನೋತ್ಸವ ಸಮಾರಂಭದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳ ಕೃಪೆಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸಲು ನಾವಿಂದು ಕೂಡಿದ್ದೇವೆ. ದೇವಾಲಯ ತುಂಬಿದೆ, ಅಂಗಳವೂ ತುಂಬಿದೆ. ಈ ಉತ್ಸವದ ಸಿದ್ಧತೆಗಾಗಿ ನಾನು ನಮ್ಮ ಹಳೆಯ ಜ್ಞಾನಸ್ನಾನದ ದಾಖಲೆ ಪುಸ್ತಕಗಳನ್ನು ಒಂದೊಂದಾಗಿ ಓದಿದೆ. ಅಲ್ಲಿರುವ ಎಷ್ಟೋ ಹೆಸರುಗಳು ಮರಣದ ಪುಸ್ತಕದಲ್ಲಿಲ್ಲ, ಬೇರೆ ಊರಿಗೆ ಹೋದರೆಂಬ ಷರಾ ಇಲ್ಲ, ನಮ್ಮ ಭಾನುವಾರದ ಬಲಿಪೂಜೆಯಲ್ಲಿಯೂ ಇಲ್ಲ. ಅವರು ಎಲ್ಲಿದ್ದಾರೆ? ಈ ಸಂತೋಷದ ದಿನ ನಾನು ಮಾತನಾಡಬಯಸುವುದು ಅವರನ್ನು ಕುರಿತೇ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಹೋದ ಒಂದನ್ನು ಅರಸುತ್ತ ಹೊರಟ ಕುರುಬನ ಸಾಮತಿಯನ್ನು ಸಂತ ಲೂಕರ ಶುಭಸಂದೇಶದಲ್ಲಿ ಎಲ್ಲರೂ ಕೇಳಿದ್ದೇವೆ. ನಮ್ಮ ನಾಡಿನಲ್ಲಿಯೇ ಹಾಗೆ ಅರಸುತ್ತ ಹೊರಟ ಒಬ್ಬ ಗುರುವಿನ ಕಥೆಯನ್ನು ಇಂದು ನೆನೆಯೋಣ.

ಅವರ ಹೆಸರು ಅಬ್ಬೆ ದ್ಯುಬುವಾ. ಫ್ರಾನ್ಸ್ ದೇಶದವರು. ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಗೆ ಸೇರಿದವರು. 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಭಾರತಕ್ಕೆ ಹಡಗು ಹತ್ತಿದರು. ಅವರ ತಾಯ್ನಾಡಿನಲ್ಲಿ ಆಗ ಕ್ರಾಂತಿಯ ಬೆಂಕಿ. ಇಲ್ಲಿಗೆ ಬಂದ ಮೇಲೆ ಅವರು ಈ ನಾಡಿನವರಂತೆಯೇ ಉಡುಪು ತೊಟ್ಟರು, ಮಾಂಸಾಹಾರವನ್ನು ತೊರೆದರು, ಜನರ ಭಾಷೆಯನ್ನೂ ನಡೆನುಡಿಯನ್ನೂ ಕಲಿತರು. ಜನರು ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆದರು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಅದಕ್ಕೆ ಹದಿನೈದು ವರ್ಷಗಳ ಹಿಂದೆ, 1784ರಲ್ಲಿ, ಕೆನರಾ ಪ್ರದೇಶದ ಕ್ರೈಸ್ತರನ್ನು ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಹಿಡಿದು ಘಟ್ಟದ ಮೇಲಕ್ಕೆ ನಡೆಸಿಕೊಂಡು ಹೋಗಿದ್ದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಸತ್ತರು. ಉಳಿದವರಲ್ಲಿ ಬಹುಮಂದಿ ಬಲಾತ್ಕಾರಕ್ಕೆ ಮಣಿದು ಹೊರಗಿನ ವಿಶ್ವಾಸವನ್ನು ಬಿಟ್ಟರು. ಮೈಸೂರು ಸೀಮೆಯ ಕ್ರೈಸ್ತ ಸಮುದಾಯವೂ ಚದುರಿಹೋಗಿತ್ತು. ಕೋಟೆ ಬಿದ್ದ ಮೇಲೆ ಆ ಸಮುದಾಯವನ್ನು ಮತ್ತೆ ಕಟ್ಟಲು ಬಂದವರು ದ್ಯುಬುವಾ ಸ್ವಾಮಿಗಳು.

ಅವರು ಮೃದುಮಾತಿನವರಲ್ಲ. ವಿಶ್ವಾಸವನ್ನು ಬಿಟ್ಟವರ ಕುರಿತು ಮುಂದೆ ತಮ್ಮ ಪುಸ್ತಕದಲ್ಲಿ ಬಹಳ ಕಟುವಾಗಿಯೇ ಬರೆದರು. ಪ್ರಾಣಕೊಡುವ ಧೈರ್ಯ ಯಾರಿಗೂ ಬರಲಿಲ್ಲವಲ್ಲ ಎಂದು ನೊಂದುಕೊಂಡರು. ಆದರೂ, 'ನಾವು ಬಿಟ್ಟದ್ದು ಹೊರಗಡೆ ಮಾತ್ರ, ಹೃದಯದಲ್ಲಿ ಕ್ರಿಸ್ತರನ್ನು ಬಿಡಲಿಲ್ಲ' ಎನ್ನುತ್ತ ಆ ಜನ ಹಿಂದಿರುಗಿ ಬಂದಾಗ ಬಾಗಿಲು ಮುಚ್ಚಲಿಲ್ಲ. ಹಾಗೆ ತಮ್ಮ ಕಣ್ಣಿಗೆ ಬಿದ್ದವರೇ ಸುಮಾರು 2,000 ಮಂದಿ ಎಂದು ಅವರು ಬರೆದಿದ್ದಾರೆ. ಕಟುವಾದದ್ದನ್ನು ಲೇಖನಿಗೆ ಬಿಟ್ಟು, ಎದುರಿಗೆ ನಿಂತ ಮನುಷ್ಯನಿಗೆ ಕೈಚಾಚಿದರು. ಇದನ್ನು ಗುರುಗಳಾದ ನಾವು ಮುಖ್ಯವಾಗಿ ಗಮನಿಸಬೇಕು.

ಹಿಂದಿರುಗಿದವರಿಗೆ ಉಪದೇಶವೊಂದೇ ಸಾಲದೆಂಬುದನ್ನೂ ಅವರು ಅರಿತಿದ್ದರು. ಚದುರಿದ ಬಡಕುಟುಂಬಗಳಿಗೆ ಬೇಕಾದದ್ದು ನೆಲ ಮತ್ತು ಅನ್ನ. ಆದ್ದರಿಂದ ಹಾಸನದ ಸಮೀಪದ ಸಾತಳ್ಳಿ ಮೊದಲಾದೆಡೆಗಳಲ್ಲಿ ಬೇಸಾಯದ ಊರುಗಳನ್ನು ಹೂಡಿಸಿದರು. ಸಿಡುಬಿನಿಂದ ಜನ ಸಾಯುತ್ತಿದ್ದಾಗ ಹೊಸದಾಗಿ ಬಂದಿದ್ದ ದೇವಿ ಹಾಕಿಸುವ ಕೆಲಸವನ್ನು ಕೈಗೊಂಡು, 1803-04ರಲ್ಲಿ 25,432 ಮಂದಿಗೆ ದೇವಿ ಹಾಕಿಸಿದರು. ಜನ ಹೆದರಿ ಹಿಂಜರಿಯುತ್ತಿದ್ದ ಕಾಲದಲ್ಲಿ ಇಷ್ಟು ಮಂದಿ ತೋಳು ಚಾಚಿದ್ದು ಅವರ ಮೇಲಿನ ನಂಬಿಕೆಯಿಂದಲೇ ಅಲ್ಲವೆ?

ಆದರೆ ಕೊನೆಗೆ ಅವರು ನಿರಾಶರಾದರು. 1823ರ ಜನವರಿಯಲ್ಲಿ ಭಾರತವನ್ನು ಬಿಟ್ಟರು. ಈ ದೇಶದಲ್ಲಿ ಕ್ರೈಸ್ತ ವಿಶ್ವಾಸ ಬೆಳೆಯುವ ಆಶೆಯಿಲ್ಲವೆಂದು ಅದೇ ವರ್ಷ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದರು. 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ತಾವು ಸೋತೆವೆಂದು ತಿಳಿದೇ ಅವರು ಹೋದರೇನೋ. ಆದರೆ ಅವರು ನೆಲೆಗೊಳಿಸಿದ ಸಾತಳ್ಳಿಯಲ್ಲಿ ಇಂದಿಗೂ ಪೂಜೆಯ ಗಂಟೆ ಬಾರಿಸುತ್ತಿದೆ. ಬಿತ್ತಿದವನು ಪೈರನ್ನು ಕಾಣಲೇಬೇಕೆಂಬ ನಿಯಮವಿಲ್ಲ.

ಪ್ರಿಯರೇ, ಈಗ ನಮ್ಮ ಮಾತಿಗೆ ಬರೋಣ. ಬಲಾತ್ಕಾರದಿಂದ ನಮ್ಮನ್ನು ಯಾರೂ ಚದುರಿಸಲಿಲ್ಲ. ದಾವಣಗೆರೆಯಲ್ಲಿ 1930ರ ದಶಕದಿಂದ ಹತ್ತಿ ಗಿರಣಿಗಳೆದ್ದವು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದಿತು. ಅನ್ನ ಹುಡುಕಿಕೊಂಡು ಬಂದ ಕುಟುಂಬಗಳು ನಮ್ಮ ಧರ್ಮಕೇಂದ್ರಗಳನ್ನೂ ತುಂಬಿದವು. ಒಂದೊಂದಾಗಿ ಗಿರಣಿಗಳು ನಿಂತವು, ಈ ಶತಮಾನದ ಆದಿಯಲ್ಲಿ ಕಿರ್ಲೋಸ್ಕರ್ ಕೂಡ ಮುಚ್ಚಿತು. ಕೂಲಿ ಹೋದ ಮನೆಯವನು ಮೊದಲು ಅಂಗಡಿಯ ಬೀದಿಯನ್ನು ತಪ್ಪಿಸುತ್ತಾನೆ, ಆಮೇಲೆ ದೇವಾಲಯದ ಬೀದಿಯನ್ನು. ವರ್ಷದ ಚಂದಾ ಬಾಕಿ, ಹಬ್ಬಕ್ಕೆ ಹೊಸಬಟ್ಟೆಯಿಲ್ಲ, ಮಗಳು ಹೊರಗೆ ಮದುವೆಯಾದಳು: ಇಂತಹ ಕಾರಣಗಳು. ಅವರಲ್ಲಿ ವಿಶ್ವಾಸ ಸಾಯಲಿಲ್ಲ, ನಾಚಿಕೆ ಹುಟ್ಟಿತು.

ಇಲ್ಲಿ ನನ್ನ ತಪ್ಪೊಂದನ್ನು ನಿಮ್ಮ ಮುಂದೆ ನಿವೇದಿಸಬೇಕು. ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ವಯಸ್ಸಾದ ಒಬ್ಬರು ಮೊಮ್ಮಗಳ ಕೈ ಹಿಡಿದು ಗುರುಮನೆಗೆ ಬಂದರು. ಮಗುವಿಗೆ ಜ್ಞಾನಸ್ನಾನವಾಗಬೇಕೆಂದರು. ಮುಖ ಪರಿಚಯವಿರಲಿಲ್ಲ. ನಾನು ತಲೆಯೆತ್ತದೆಯೇ, "ತಂದೆತಾಯಿಯರ ಮದುವೆಯ ಪತ್ರವೆಲ್ಲಿ? ಇಷ್ಟು ವರ್ಷ ನೀವೆಲ್ಲಿದ್ದಿರಿ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ನಿಂತು, "ಇಲ್ಲೇ ಇದ್ದೆ ಸ್ವಾಮಿ" ಎಂದರು. ಮಗುವನ್ನು ಕರೆದುಕೊಂಡು ಹೊರಟುಹೋದರು. ಮರುದಿನ ಮನಸ್ಸು ತಡೆಯದೆ ಪುಸ್ತಕ ತೆರೆದೆ. ಅವರ ಜ್ಞಾನಸ್ನಾನ, ಮೊದಲ ಪರಮಪ್ರಸಾದ, ಮದುವೆ, ಎಲ್ಲವೂ ಇದೇ ದೇವಾಲಯದಲ್ಲಿ ಆಗಿತ್ತು. ಅವರು ಈ ಮನೆಯ ಮಗ. ನಾನೇ ಹೊರಗಿನಿಂದ ಬಂದವನು. ವಿಳಾಸ ಹುಡುಕಿಕೊಂಡು ಹೋದೆ. ಮನೆಗೆ ಬೀಗ ಬಿದ್ದಿತ್ತು. ಬೇರೆ ಊರಿಗೆ ಹೋದರೆಂದು ನೆರೆಯವರು ಹೇಳಿದರು. ಇಂದಿಗೂ ಅವರನ್ನು ನಾನು ಕಂಡಿಲ್ಲ. ನಿಯಮಗಳು ಬೇಕು, ಪತ್ರಗಳೂ ಬೇಕು. ಆದರೆ ಕೂರಲು ಹೇಳಿದ ಮೇಲೆ ಕೇಳಬಹುದಾದ ಪ್ರಶ್ನೆಯನ್ನು ನಾನು ಬಾಗಿಲಲ್ಲಿಯೇ ಕೇಳಿದೆ.

ಪ್ರತಿವರ್ಷ ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ನೀವೆಲ್ಲರೂ ಹೋಗುತ್ತೀರಿ. 2019ರಲ್ಲಿ ಕಿರು ಬಸಿಲಿಕವೆಂಬ ಗೌರವ ಪಡೆದ ಆ ದೇವಾಲಯದಲ್ಲಿ ಎಲ್ಲ ಮತಗಳವರೂ ಸಾಲು ನಿಲ್ಲುತ್ತಾರೆ. ಆ ಸಾಲಿನಲ್ಲಿ, ನಮ್ಮ ಕಣ್ಣು ತಪ್ಪಿಸಿ, ನಮ್ಮವರೇ ಎಷ್ಟೋ ಮಂದಿ ಮೇಣದ ಬತ್ತಿ ಹಿಡಿದು ನಿಂತಿರುತ್ತಾರೆ. ತಾಯಿಯ ಬಳಿಗೆ ಬರಲು ಅವರಿಗೆ ಅಂಜಿಕೆಯಿಲ್ಲ. ನಮ್ಮ ಬಳಿಗೆ ಬರಲು ಮಾತ್ರ ಅಂಜಿಕೆ. ಇದು ಅವರ ದೋಷವೋ ನಮ್ಮದೋ ಯೋಚಿಸೋಣ.

ಆದ್ದರಿಂದ ಶತಮಾನೋತ್ಸವದ ಸ್ಮಾರಕವಾಗಿ ನಾನು ಕೇಳುವುದು ಇಷ್ಟೇ. ಹಳೆಯ ಪುಸ್ತಕಗಳಿಂದ ಗುರುತು ಸಿಗದ ಹೆಸರುಗಳ ಪಟ್ಟಿ ಮಾಡಿದ್ದೇವೆ. ಪ್ರತಿಯೊಂದು ಕಿರು ಸಮುದಾಯವೂ ಐದು ಹೆಸರುಗಳನ್ನು ತೆಗೆದುಕೊಳ್ಳಲಿ. ಹುಡುಕಿಕೊಂಡು ಹೋದಾಗ ಚಂದಾ ಬಾಕಿಯ ಮಾತು ಎತ್ತಬೇಡಿ; ಅದನ್ನು ನಾನು ನೋಡಿಕೊಳ್ಳುತ್ತೇನೆ. 'ಎಲ್ಲಿದ್ದಿರಿ' ಎನ್ನಬೇಡಿ, 'ಹೇಗಿದ್ದೀರಿ' ಎನ್ನಿ. ನಮ್ಮ ಮಕ್ಕಳು ಬೆಂಗಳೂರಿನಲ್ಲಿ, ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದಾರೆ. ಅವರನ್ನೂ ಪಟ್ಟಿಯಲ್ಲಿ ಸೇರಿಸಿ, ಹಬ್ಬಕ್ಕೊಮ್ಮೆಯಾದರೂ ಅವರಿಗೆ ಧರ್ಮಕೇಂದ್ರದ ಹೆಸರಿನಲ್ಲಿ ಕಾಗದ ಬರೆಯೋಣ. ಪರದೇಶದ ಒಂಟಿತನವೇನೆಂಬುದನ್ನು ದ್ಯುಬುವಾ ಸ್ವಾಮಿಗಳಂತಹವರು ನಮ್ಮ ನೆಲದಲ್ಲಿ ಮೂವತ್ತೊಂದು ವರ್ಷ ಉಂಡರು. ಆ ಋಣವನ್ನು ನಾವು ತೀರಿಸುವ ಬಗೆ ಇದೇ.

ಆ ಮೊಮ್ಮಗಳಿಗೆ ಈಗ ಹತ್ತು ವರ್ಷವಾಗಿರಬೇಕು. ಪಟ್ಟಿಯಲ್ಲಿ ಆಕೆಯ ಅಜ್ಜನ ಹೆಸರನ್ನು ನಾನೇ ತೆಗೆದುಕೊಂಡಿದ್ದೇನೆ. ನನಗಾಗಿ ಪ್ರಾರ್ಥಿಸಿ. ಆರೋಗ್ಯಮಾತೆಯ ಬಿನ್ನಹದಿಂದ ಪ್ರಭು ಯೇಸುಕ್ರಿಸ್ತರು ನಮ್ಮೆಲ್ಲರನ್ನೂ, ಇಲ್ಲಿರುವವರನ್ನೂ ಇಲ್ಲದವರನ್ನೂ, ಒಂದೇ ಹಿಂಡಾಗಿ ಆಶೀರ್ವದಿಸಲಿ. ಆಮೆನ್.